ಐದು ಪೌಂಡು ಗಾಳಿ

ಬೇಲೂರು ರಸ್ತೆಯ ನಮ್ಮ ಶೆಡ್ಡಿಗೆ ಆ ಕೆಂಪು ಕಾರು
ಹಗ್ಗ ಕಟ್ಟಿಸಿಕೊಂಡು ಬಂದದ್ದಲ್ಲ, ಓಡಿಯೇ ಬಂತು.
ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ,
ನನಗಿಂತ ಒಂದು ವರ್ಷಕ್ಕೆ ದೊಡ್ಡದು.
ಇಳಿದವರು ಫ್ಲೇವಿಯಾ ಟೀಚರು,
ಎಂಟನೇ ಕ್ಲಾಸಿನಲ್ಲಿ ನನಗೆ ವಿಜ್ಞಾನಕ್ಕೆ ಹದಿನೇಳು ಕೊಟ್ಟವರು.
"ತೌಸೀಫ್, ಇದಕ್ಕೊಂದು ಟರ್ಬೊ ಹಾಕೋಣ" ಅಂದರು,
ಲೋಟಕ್ಕೆ ಇನ್ನರ್ಧ ಚಮಚ ಸಕ್ಕರೆ ಅಂದ ಹಾಗೆ.

ಹಿಂದೆ ಅವರು ರ‍್ಯಾಲಿಗಳಲ್ಲಿ ಪಕ್ಕದ ಸೀಟಿನವರಂತೆ.
ತಲೆಗೆ ಹೆಲ್ಮೆಟ್ಟು, ತೊಡೆಯ ಮೇಲೆ ಪುಸ್ತಕ,
ಇನ್ನೂ ಕಾಣದ ತಿರುವನ್ನು
ಮೊದಲೇ ಕೂಗಿ ಹೇಳುವ ಕೆಲಸ.
ಸ್ಟೇರಿಂಗು ಯಾವತ್ತೂ ಬೇರೆಯವರ ಕೈಲಿ.
ಇದು ಅವರು ಹೇಳಿದ್ದಲ್ಲ. ಮೋನಪ್ಪಾಚಾರಿ ಹೇಳಿದ್ದು,
ಲೇತಿನ ಸದ್ದಿನ ನಡುವೆ, ಅರ್ಧರ್ಧ.

ಹಾಸನದ ಗುಜರಿಯಲ್ಲಿ ಸಿಕ್ಕಿತು ಟರ್ಬೊ,
ಮುಖ ಜಜ್ಜಿಹೋದ ಡೀಸೆಲ್ ಕಾರಿನದು.
ಸುಲಿದ ತೆಂಗಿನಕಾಯಿಯ ಗಾತ್ರ, ಬಸವನಹುಳದ ಸುರುಳಿ.
ಬೆರಳು ತಾಗಿಸಿದೆ, ಅಲುಗದೆ ಸುತ್ತಿತು.
ಮೂರು ಸಾವಿರದ ಇನ್ನೂರಕ್ಕೆ ಇಳಿಸಿದೆ, ಅವನ ಚಹಾ ಸೇರಿಸಿ.

ಟೀಚರು ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದರು:
ಹೊಗೆ ಹೋಗುವ ದಾರಿಗೊಂದು ಚಕ್ರ,
ಗಾಳಿ ಬರುವ ದಾರಿಗೊಂದು,
ನಡುವೆ ಒಂದೇ ಅಚ್ಚು.
"ಬಿಸಾಡಿದ್ದೇ ಇಲ್ಲಿ ದುಡಿಯುತ್ತೆ, ನೋಡು."
ನೋಡಿದೆ. ಈ ಸಲ ಅರ್ಥವಾಯಿತು.

ಆಮೇಲೆ ತಾಮ್ರದ ತಗಡು ಕತ್ತರಿಸಿ ಹೆಡ್ಡಿಗೆ ದಪ್ಪ ಗ್ಯಾಸ್ಕೆಟ್ಟು,
ಸಂಪಿಗೆ ತೂತು ಕೊರೆದು ಎಣ್ಣೆ ಹಿಂದಿರುಗುವ ಪೈಪು,
ಕಾರ್ಬೊರೇಟರಿನ ಸುತ್ತ ಗಾಳಿ ಸೋರದ ಡಬ್ಬಿ.
ಸೋರಿತು. ಬೆಸೆದೆ. ಮತ್ತೆ ಸೋರಿತು.

ಎಂಟು ಪೌಂಡು ಒತ್ತಡ ಇಟ್ಟದ್ದು ನನ್ನದೇ ಹುಡುಗಾಟಿಕೆ.
ಕೈಮರದ ಏರು ಮುಟ್ಟುವಷ್ಟರಲ್ಲಿ ಇಂಜಿನ್ನಿನೊಳಗೆ
ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದು.
ಕೇಳಿಸಿತು. ಕಾಲು ಎತ್ತಲಿಲ್ಲ.
ಮೂರನೇ ಪಿಸ್ಟನ್ನಿನ ನೆತ್ತಿ ಕರಗಿ ತೂತು.
ಟೀಚರು ಬೈಯಲಿಲ್ಲ, ಅದೇ ಕಷ್ಟವಾದದ್ದು.
ತೂತಿಗೆ ಕಣ್ಣಿಟ್ಟು ಒಮ್ಮೆ ಆಕಾಶ ನೋಡಿದರು.
ಈಗ ಆ ಪಿಸ್ಟನ್ನು ಅವರ ಮೇಜಿನ ಮೇಲಿದೆ,
ತೂತಿನಲ್ಲಿ ಒಂದು ಕೆಂಪು ಪೆನ್ನು ನಿಂತಿದೆ.

ಹೊಸ ಪಿಸ್ಟನ್ನು. ಐದೇ ಪೌಂಡು.
ಪ್ರತಿ ಸಂಜೆ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿಯುವುದು:
ಬಿಳಿಯಾದರೆ ಹಸಿವು, ಕಪ್ಪಾದರೆ ಅಜೀರ್ಣ.
ನಾಲ್ಕನೇ ವಾರಕ್ಕೆ ಬಂತು ಆ ಬಣ್ಣ,
ಎಂ.ಜಿ. ರಸ್ತೆಯ ಪುಡಿ ಅಂಗಡಿಯಲ್ಲಿ
ಕೇಳಿದರೆ ಮಾತ್ರ ಕೊಡುವ ತಿಳಿ ಹುರಿಯದ್ದು.

ಹೋದ ಭಾನುವಾರ, ಕೈಮರದ ಗೇಟು ತೆಗೆದದ್ದೇ
ಪ್ರವಾಸಿ ಜೀಪುಗಳಿಗಿಂತ ಮುಂಚೆ ಹತ್ತಿದೆವು.
ಅವರು ಸ್ಟೇರಿಂಗಿನಲ್ಲಿ. ನನ್ನ ತೊಡೆಗೆ ಹಳೇ ನೋಟುಬುಕ್ಕು.
"ಓದು."
ಎಡ ಮೂರು. ಬಂಡೆ. ಬಲ ಹೇರ್‌ಪಿನ್ನು, ಒಳಗೆ ಜಲ್ಲಿ.
ಮೂವತ್ತು ವರ್ಷದ ಹಿಂದಿನ ಅವರದೇ ಅಕ್ಷರ.
ಆ ಜಲ್ಲಿ ಈಗಿಲ್ಲ. ತಿರುವು ಇದೆ.

ಟರ್ಬೊಗೆ ಒಂದು ಚಾಳಿ: ತುಳಿದ ಕೂಡಲೇ ಏನೂ ಇಲ್ಲ.
ಒಂದು, ಒಂದೂವರೆ ಎಣಿಸಬೇಕು,
ಆಮೇಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗೆ.
ನಾನು ದಾರಿ ಕಂಡ ಮೇಲೆ ತುಳಿಯುವವನು,
ನೂಕು ಬರುವಾಗ ಮುಂದಿನ ತಿರುವು ಬಂದಿರುತ್ತದೆ.
ಅವರು ತುಳಿದದ್ದು
ಎದುರಿಗೆ ಬರೀ ಮಣ್ಣಿನ ಗೋಡೆ ಇರುವಾಗ.
ನನ್ನ ಬಾಯಲ್ಲಿ ಅರ್ಧ ಅಕ್ಷರ, ಕಾಲು ಇಲ್ಲದ ಬ್ರೇಕಿನ ಮೇಲೆ.
ಒಂದು. ಒಂದೂವರೆ.
ಗೋಡೆ ಸರಿದು ರಸ್ತೆ ನೆಟ್ಟಗಾಯಿತು,
ಅದೇ ಗಳಿಗೆಗೆ ಸಣ್ಣ ಶಿಳ್ಳೆಯೊಂದಿಗೆ
ಬಂತು.

ಮೇಲೆ ನಿಲ್ಲಿಸಿದ ಮೇಲೂ ಕೀಲಿ ತಿರುಗಿಸಬಾರದು,
ಬಿಸಿ ಚಕ್ರಕ್ಕೆ ಎರಡು ನಿಮಿಷ ಎಣ್ಣೆ ಹರಿಯಬೇಕು.
ಇಬ್ಬರೂ ಸುಮ್ಮನೆ ಕೂತೆವು. ಗಾಜಿಗೆ ಮಂಜು.
"ಒಂದು ಎಡವನ್ನ ಬಲ ಅಂದೆ, ಟೀಚರ್."
"ಗೊತ್ತು."
ಗಡಿಯಾರ ನೋಡಿ ಇಂಜಿನ್ನು ಆರಿಸಿದರು.
ಆಮೇಲೆ, ಆಕಡೆ ನೋಡುತ್ತಾ,
"ಆರು ಪೌಂಡು ಮಾಡಿದರೆ ಹೇಗೋ?"